ದಿನಕ್ಕೆ 150 ರೂಪಾಯಿ, ಮನೆಯಲ್ಲಿ ನಾಲ್ಕು ಜನ: ರಕ್ತ ಹೆಚ್ಚುವ ಊಟ ಹೇಗೆ ಮಾಡೋದು?

ಪೀಣ್ಯದ ಟೈಲರ್

ಎಲ್ಲರಿಗೂ ನಮಸ್ಕಾರ. ನಾನು ಪೀಣ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಕೆಲಸ ಮಾಡುತ್ತೇನೆ. ಯಜಮಾನರು ಗೂಡ್ಸ್ ಆಟೋ ಓಡಿಸುತ್ತಾರೆ, ಗಾಡಿ ಬೇರೆಯವರದ್ದು. ಮಗಳು 7ನೇ ಕ್ಲಾಸು, ಮಗ 3ನೇ ಕ್ಲಾಸು. ಮೊನ್ನೆ ಫ್ಯಾಕ್ಟರಿಯಲ್ಲಿ ಎಲ್ಲರಿಗೂ ರಕ್ತ ಪರೀಕ್ಷೆ ಮಾಡಿದರು. ನನಗೆ ಹಿಮೋಗ್ಲೋಬಿನ್ 8.4 ಬಂತು. ಬಂದಿದ್ದ ಡಾಕ್ಟರು ಒಳ್ಳೆಯವರೇ, ಬೈಯಲಿಲ್ಲ. ದಾಳಿಂಬೆ ತಿನ್ನಿ, ಖರ್ಜೂರ ತಿನ್ನಿ, ಬೀಟ್ರೂಟ್ ಜ್ಯೂಸ್ ಕುಡಿಯಿರಿ ಅಂತ ಬರೆದುಕೊಟ್ಟರು. ಸಂಜೆ ಗಾಡಿಯವರ ಹತ್ತಿರ ದಾಳಿಂಬೆ ರೇಟು ಕೇಳಿ ಹಾಗೇ ವಾಪಸ್ ಬಂದೆ.

ಬಾಡಿಗೆ, ಚೀಟಿ, ಸ್ಕೂಲು, ಗ್ಯಾಸು ಕಳೆದರೆ ಊಟಕ್ಕೆ ಉಳಿಯುವುದು ದಿನಕ್ಕೆ 150 ರೂಪಾಯಿ. ಹಾಲೂ ಇದರಲ್ಲೇ. ಅಕ್ಕಿ ರೇಷನ್‌ನಲ್ಲಿ ಬರುತ್ತದೆ, ತಲೆಗೆ 10 ಕೆಜಿ ಲೆಕ್ಕದಲ್ಲಿ ತಿಂಗಳಿಗೆ 40 ಕೆಜಿ. ಆ ಅಕ್ಕಿ ಇಲ್ಲದಿದ್ದರೆ ನಾವು ಯಾವತ್ತೋ ಊರಿಗೆ ಹೊರಟುಬಿಡುತ್ತಿದ್ದೆವು, ಇದು ಸತ್ಯ.

ಡಾಕ್ಟರು ಬರೆದುಕೊಟ್ಟ ಚೀಟಿ ನೋಡಿದ ಮೇಲೆ ಒಂದು ವಾರ ಏನೇನು ತಿಂದೆವು ಅಂತ ಕ್ಯಾಲೆಂಡರ್ ಹಿಂದೆ ಬರೆದಿಟ್ಟೆ. ಬೆಳಗ್ಗೆ ಚಿತ್ರಾನ್ನ, ಇಲ್ಲ ಟೊಮೆಟೊ ಬಾತ್. ಮಧ್ಯಾಹ್ನ ಡಬ್ಬಿಯಲ್ಲೂ ಅದೇ. 11 ಗಂಟೆಗೆ ಟೀ, ಬಿಸ್ಕತ್. 4 ಗಂಟೆಗೆ ಮತ್ತೆ ಟೀ, ಬಿಸ್ಕತ್. ರಾತ್ರಿ ಅನ್ನ, ತಿಳಿಸಾರು. ಏಳು ದಿನದಲ್ಲಿ ಸೊಪ್ಪು ಒಂದು ಸಲ. ಮೊಟ್ಟೆ ಭಾನುವಾರ ಮಾತ್ರ. ಕಾಳು ಒಂದು ದಿನವೂ ಇಲ್ಲ. ಮಕ್ಕಳು ಸಂಜೆ ಬರುವ ಹೊತ್ತಿಗೆ ನಾನು ಮನೆಯಲ್ಲಿರುವುದಿಲ್ಲ. ಇಬ್ಬರಿಗೂ ಹತ್ತು ಹತ್ತು ರೂಪಾಯಿ ಇಟ್ಟು ಹೋಗುತ್ತೇನೆ. ಅದು ಚಿಪ್ಸಿಗೆ, ಕ್ರೀಮ್ ಬಿಸ್ಕತ್ತಿಗೆ ಹೋಗುತ್ತದೆ.

ನಾನು ಹಳ್ಳಿಯಲ್ಲಿ ಬೆಳೆದವಳು. ಬಸ್ಸಾರು, ಮಸ್ಸೊಪ್ಪು, ಮುದ್ದೆ ಎಲ್ಲ ಮಾಡಲು ಬರುತ್ತದೆ. ಆದರೆ ಬೆಳಗ್ಗೆ 5ಕ್ಕೆ ಎದ್ದು ನೀರು ಹಿಡಿದು, ಮಕ್ಕಳನ್ನು ತಯಾರು ಮಾಡಿ, 8.30ಕ್ಕೆ ಗೇಟಿನ ಹತ್ತಿರ ಇರಬೇಕು. ಮನೆಯಲ್ಲಿ ಫ್ರಿಜ್ ಇಲ್ಲ. ಒಲೆ ಒಂದೇ ಬರ್ನರಿನದ್ದು. ಇದನ್ನೆಲ್ಲ ಲೆಕ್ಕಕ್ಕಿಟ್ಟು ಯಾರಾದರೂ ಹೇಳುತ್ತೀರಾ?

ನೆಲಮಂಗಲದ ಅಂಗನವಾಡಿ ಟೀಚರ್

ಅಕ್ಕಾ, ಮೊದಲು ಮಾತ್ರೆ. ಊಟದ ಮಾತು ಆಮೇಲೆ. ನಮ್ಮ ವಯಸ್ಸಿನ ಹೆಂಗಸರಿಗೆ 12 ಇರಬೇಕು. 8ಕ್ಕಿಂತ ಕೆಳಗೆ ಹೋದರೆ ಅದನ್ನು ತೀವ್ರ ರಕ್ತಹೀನತೆ ಅನ್ನುತ್ತಾರೆ. ನೀವು ಅದರ ಅಂಚಿನಲ್ಲಿ ಇದ್ದೀರಿ. ಬರೀ ಊಟದಿಂದ 8.4 ಅನ್ನು ಬೇಗ ಮೇಲಕ್ಕೆ ತರಲು ಆಗುವುದಿಲ್ಲ. ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರಕ್ಕೋ ‘ನಮ್ಮ ಕ್ಲಿನಿಕ್’ ಅನ್ನುವ ಸರ್ಕಾರಿ ಕ್ಲಿನಿಕ್‌ಗೋ ಹೋಗಿ ರಿಪೋರ್ಟ್ ತೋರಿಸಿ. ಕಬ್ಬಿಣದ ಮಾತ್ರೆ ದುಡ್ಡಿಲ್ಲದೆ ಕೊಡುತ್ತಾರೆ. ಜಂತುಹುಳದ ಮಾತ್ರೆಯನ್ನೂ ಕೇಳಿ. ಮುಟ್ಟಿನಲ್ಲಿ ಜಾಸ್ತಿ ಹೋಗುತ್ತಿದ್ದರೆ ಅದನ್ನು ಮುಚ್ಚಿಡಬೇಡಿ, ಹೇಳಿ. ಮಾತ್ರೆ ತಿಂದರೆ ಮಲ ಕಪ್ಪಗಾಗುತ್ತದೆ, ಕೆಲವರಿಗೆ ಹೊಟ್ಟೆ ತೊಳೆಸುತ್ತದೆ. ಅದಕ್ಕೆ ಹೆದರಿ ಬಿಟ್ಟವರನ್ನು ತುಂಬಾ ನೋಡಿದ್ದೇನೆ. ಬಿಡಬೇಡಿ.

ಎರಡನೆಯದು, ಟೀ. ಊಟದ ಜೊತೆಗೋ ಊಟ ಆದ ತಕ್ಷಣವೋ ಟೀ ಕುಡಿದರೆ ಊಟದಲ್ಲಿರುವ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ. ಒಂದು ಗಂಟೆ ಅಂತರ ಕೊಡಿ. ಅದೇ ಸಾರಿಗೆ ನಿಂಬೆಹಣ್ಣು ಹಿಂಡಿದರೆ, ಒಂದು ಚೂರು ನೆಲ್ಲಿಕಾಯಿ ಕಚ್ಚಿಕೊಂಡರೆ ಜಾಸ್ತಿ ಹತ್ತುತ್ತದೆ. ಇದಕ್ಕೆ ಖರ್ಚು ಅಂತ ಹೆಚ್ಚೇನೂ ಇಲ್ಲ.

ದಾಳಿಂಬೆ ವಿಷಯದಲ್ಲಿ ಬೇಜಾರು ಮಾಡಿಕೊಳ್ಳಬೇಡಿ. ದಾಳಿಂಬೆ, ಬೀಟ್ರೂಟ್ ಕೆಂಪಗಿರುವುದಕ್ಕೂ ರಕ್ತಕ್ಕೂ ಸಂಬಂಧ ಇಲ್ಲ. ತೂಕಕ್ಕೆ ತೂಕ ಇಟ್ಟು ನೋಡಿದರೆ ಹುರುಳಿಕಾಳಿನಲ್ಲಿ ಅವೆರಡಕ್ಕಿಂತ ಎಷ್ಟೋ ಜಾಸ್ತಿ ಕಬ್ಬಿಣ ಇದೆ.

ನೀವು ಒಬ್ಬರೇ ಅಂದುಕೊಳ್ಳಬೇಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 47.8 ಜನಕ್ಕೆ ರಕ್ತ ಕಮ್ಮಿ. ಹೆಚ್ಚುಕಮ್ಮಿ ಇಬ್ಬರಲ್ಲಿ ಒಬ್ಬರು. ನಿಮ್ಮ ಹೊಲಿಗೆ ಲೈನಿನಲ್ಲಿ ಅಕ್ಕಪಕ್ಕ ಕೂತವರನ್ನೂ ಕೇಳಿ ನೋಡಿ.

ಈಗ ಲೆಕ್ಕ. ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆ 2024ರಲ್ಲಿ ಹೊಸ ಮಾರ್ಗದರ್ಶಿ ಕೊಟ್ಟಿತು. ಅದರ ಪ್ರಕಾರ ಒಬ್ಬ ದೊಡ್ಡವರಿಗೆ ದಿನಕ್ಕೆ ಅಕ್ಕಿ, ರಾಗಿ, ಗೋಧಿ ಎಲ್ಲ ಸೇರಿ 250 ಗ್ರಾಂ ಸಾಕು. ಕಾಳು, ಬೇಳೆ, ಇಲ್ಲವೇ ಮೊಟ್ಟೆ, ಮೀನು, ಮಾಂಸ ಸೇರಿ 85 ಗ್ರಾಂ ಬೇಕು. ನಾಲ್ಕು ಜನಕ್ಕೆ ತಿಂಗಳಿಗೆ ಲೆಕ್ಕ ಹಾಕಿ. ಅಕ್ಕಿ, ರಾಗಿ 30 ಕೆಜಿ. ಕಾಳು, ಬೇಳೆ 10 ಕೆಜಿ. ನಿಮ್ಮ ಮನೆಗೆ ಅಕ್ಕಿ 40 ಕೆಜಿ ಬರುತ್ತಿದೆ, ಕಾಳು ಒಂದು ಕೆಜಿಯೂ ಬರುತ್ತಿಲ್ಲ. ನಿಮ್ಮ ಮನೆಯ ರೋಗ ಇದು. ತಪ್ಪು ನಿಮ್ಮದಲ್ಲ. ಯಾವುದು ಪುಕ್ಕಟೆ ಬರುತ್ತದೋ ತಟ್ಟೆ ಅದರಿಂದಲೇ ತುಂಬುತ್ತದೆ.

ಚಿಕ್ಕಬಾಣಾವರ ಕಿರಾಣಿ ಅಂಗಡಿ

ಟೀಚರ್ ಹೇಳಿದ 10 ಕೆಜಿಗೆ ನನ್ನ ಅಂಗಡಿ ರೇಟು ಹಾಕುತ್ತೇನೆ. ಹುರುಳಿಕಾಳು 4 ಕೆಜಿ, ಕೆಜಿಗೆ 80. ಹೆಸರುಕಾಳು 2 ಕೆಜಿ, 120. ಕಡಲೆಕಾಳು 2 ಕೆಜಿ, 90. ತೊಗರಿಬೇಳೆ 2 ಕೆಜಿ, 120. ಒಟ್ಟು 980 ರೂಪಾಯಿ. ಅಂದರೆ ದಿನಕ್ಕೆ 33. ಪ್ಯಾಕೆಟ್ ಕಾಳು ಬೇಡ ಅಕ್ಕ, ಬಿಡಿ ತಗೊಳ್ಳಿ. ಲೇಬಲ್ ಹಾಕಿದ ಪ್ಯಾಕೆಟ್ಟಿಗೆ 2022ರ ಜುಲೈನಿಂದ ಶೇ 5 ಜಿಎಸ್‌ಟಿ ಇದೆ, ಬಿಡಿ ಕಾಳಿಗೆ ಇಲ್ಲ. ಕಲ್ಲು ಆರಿಸಬೇಕು ಅಷ್ಟೇ.

ಮಕ್ಕಳ ಹತ್ತು ರೂಪಾಯಿ ಬಗ್ಗೆ ನಾನು ಮಾತಾಡಲೇಬೇಕು. ಯಾಕೆಂದರೆ ಆ ಹತ್ತು ರೂಪಾಯಿ ಬರುವುದು ನನ್ನಂಥವರ ಅಂಗಡಿಗೆ. ನನ್ನ ಅಂಗಡಿ ಮುಂದೆ ನೇತು ಹಾಕಿರುವುದೆಲ್ಲ 5 ರೂಪಾಯಿ ಪ್ಯಾಕೆಟ್ಟು. ಯಾಕೆ ಅಂತ ಹೇಳುತ್ತೇನೆ. ಸೇಲ್ಸ್‌ನವನು ವಾರಕ್ಕೊಂದು ಸಲ ಬಾಗಿಲಿಗೇ ತಂದು ಕೊಡುತ್ತಾನೆ. ನೇತು ಹಾಕುವ ಸ್ಟ್ಯಾಂಡೂ ಅವನದ್ದೇ. ಡೇಟ್ ಮುಗಿದರೆ ಹೆಚ್ಚಿನವರು ವಾಪಸ್ ತಗೊಳ್ಳುತ್ತಾರೆ. ಅದೇ ಸೊಪ್ಪು ತಂದರೆ ನಾನು ಬೆಳಗಿನ ಜಾವ ಯಶವಂತಪುರಕ್ಕೆ ಹೋಗಬೇಕು. ಸಂಜೆ ಹೊತ್ತಿಗೆ ಬಾಡುತ್ತದೆ, ನಷ್ಟ ಪೂರ್ತಿ ನನ್ನದು. ಮೊಟ್ಟೆ ಟ್ರೇನಲ್ಲಿ ಎರಡು ಒಡೆದರೆ ಲಾಭ ಹೋಯಿತು. ಬಾಳೆಹಣ್ಣು ಮೂರನೇ ದಿನಕ್ಕೆ ಕಪ್ಪು. ಕೆಡದೇ ಇರುವುದೇ ಅಂಗಡಿಯಲ್ಲಿ ಉಳಿಯುತ್ತದೆ, ಮಕ್ಕಳ ಕೈಗೂ ಅದೇ ಸಿಗುತ್ತದೆ.

ಬೆಲೆ 5 ರೂಪಾಯಿ ಹಾಗೇ ಇದೆ, ಒಳಗಿನ ಗ್ರಾಂ ಇಳಿಯುತ್ತಾ ಬಂತು. ಬಿಸ್ಕತ್ ಮೇಲಿನ ಜಿಎಸ್‌ಟಿಯನ್ನು 2025ರ ಸೆಪ್ಟೆಂಬರ್ 22ರಿಂದ ಶೇ 18ರಿಂದ 5ಕ್ಕೆ ಇಳಿಸಿದರು. ಈಗ ಪ್ಯಾಕೆಟ್ ಬೇಳೆಗೂ 5, ಬಿಸ್ಕತ್ತಿಗೂ 5. ಮಕ್ಕಳ ಹೊಟ್ಟೆ ದೃಷ್ಟಿಯಿಂದ ಇದು ಸರಿ ಅಂತ ನನಗೆ ಅನಿಸಿಲ್ಲ.

ಇನ್ನೊಂದು ವಿಷಯ ಎಲ್ಲರೂ ತಿಳಿದುಕೊಳ್ಳಿ. ಪ್ಯಾಕೆಟ್ ಹಿಂದೆ ಏನೇನು ಹಾಕಿದ್ದಾರೆ ಅಂತ ಪಟ್ಟಿ ಇರುತ್ತದೆ. ಯಾವುದು ತೂಕದಲ್ಲಿ ಜಾಸ್ತಿಯೋ ಅದನ್ನು ಮೊದಲು ಬರೆಯಬೇಕು ಅಂತ ನಿಯಮ. ಗ್ಲೂಕೋಸ್ ಬಿಸ್ಕತ್ ತಿರುಗಿಸಿ ನೋಡಿ. ಮೈದಾ, ಸಕ್ಕರೆ, ತಾಳೆ ಎಣ್ಣೆ, ಮೊದಲ ಮೂರು ಇವೇ.

ಹೋಮ್ ಸೈನ್ಸ್ ವಿದ್ಯಾರ್ಥಿನಿ

ಅಂಗಡಿ ಅಣ್ಣ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. 2019ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯವರು 20 ಜನರನ್ನು ಆಸ್ಪತ್ರೆಯಲ್ಲೇ ಇರಿಸಿಕೊಂಡು ಒಂದು ಪ್ರಯೋಗ ಮಾಡಿದರು. ಎರಡು ವಾರ ಕಾರ್ಖಾನೆಯ ರೆಡಿ ತಿಂಡಿ, ಎರಡು ವಾರ ಸಾದಾ ಅಡುಗೆ. ಎದುರಿಗೆ ಇಟ್ಟಿದ್ದರಲ್ಲಿ ಸಕ್ಕರೆ, ಕೊಬ್ಬು, ನಾರು ಎರಡರಲ್ಲೂ ಸಮ. ಸಾಕಾಗುವಷ್ಟು ತಿನ್ನಿ ಅಂದರು. ರೆಡಿ ತಿಂಡಿ ಇದ್ದಾಗ ಜನ ದಿನಕ್ಕೆ ಸುಮಾರು 500 ಕ್ಯಾಲರಿ ಜಾಸ್ತಿ ತಿಂದರು, ತೂಕವೂ ಏರಿತು. ಹೊಟ್ಟೆ ತುಂಬಿತು ಅಂತ ಮೈಗೆ ಬೇಗ ಗೊತ್ತಾಗುವುದಿಲ್ಲ. ಆದ್ದರಿಂದ ಮಕ್ಕಳು ಇನ್ನೊಂದು ಪ್ಯಾಕೆಟ್ ಕೇಳಿದರೆ ಅದು ಅವರ ಹಠ ಅಂತ ಬೈಯಬೇಡಿ ಅಕ್ಕ.

ಸಿರಿಧಾನ್ಯ ಆರೋಗ್ಯ

ನಮ್ಮ ಮನೆಯಲ್ಲಿ ಮೂರು ವರ್ಷದಿಂದ ಅಕ್ಕಿ ಪೂರ್ತಿ ನಿಲ್ಲಿಸಿ ನವಣೆ, ಸಾಮೆ, ಊದಲು ಮಾತ್ರ ಬಳಸುತ್ತೇವೆ. ಗಾಣದ ಎಣ್ಣೆ, ಸಾವಯವ ಬೆಲ್ಲ. ನನ್ನ ಸಕ್ಕರೆ ಕಾಯಿಲೆ ಹತೋಟಿಗೆ ಬಂದಿದೆ. ನೀವೂ ಅಕ್ಕಿ ಬಿಟ್ಟು ನೋಡಿ ತಾಯಿ. ಆಸ್ಪತ್ರೆ ಖರ್ಚು ಉಳಿಯುತ್ತದೆ.

ರಾಯಚೂರಿನವ, ಈಗ ವೈಟ್‌ಫೀಲ್ಡ್

ಸರ್, ನಿಮಗೆ ಒಳ್ಳೆಯದಾಗಿದ್ದು ಸಂತೋಷ. ಆದರೆ ಈ ಅಕ್ಕನಿಗೆ ಅಕ್ಕಿ ಪುಕ್ಕಟೆ ಬರುತ್ತದೆ. ಅದನ್ನು ಬಿಟ್ಟು ಕೆಜಿಗೆ ನೂರು ರೂಪಾಯಿ ದಾಟಿದ ನವಣೆ ತಗೊಳ್ಳಿ ಅಂದರೆ ಕಾಳಿಗೆ ಇದ್ದ ದುಡ್ಡೂ ಹೋಗುತ್ತದೆ. ನಮ್ಮ ಕಡೆ ನವಣೆ ಮೊದಲು ಬಡವರ ಊಟ ಆಗಿತ್ತು. ನಮ್ಮ ಅಜ್ಜಿ ಅದನ್ನೇ ಉಂಡು ಬೆಳೆದಳು. ಈಗ ನವಣೆ ಬೆಳೆಯುವವನ ಮನೆಯಲ್ಲಿ ರೇಷನ್ ಅಕ್ಕಿ ಬೇಯುತ್ತದೆ, ನವಣೆ ಪೇಟೆಗೆ ಹೋಗುತ್ತದೆ.

ನಾನು ಬಿಲ್ಡಿಂಗ್ ಕೆಲಸದವನು. ಶೆಡ್ಡಿನಲ್ಲಿ ಆರು ಜನ ಇದ್ದೇವೆ. ನಮ್ಮ ಪದ್ಧತಿ ಹೇಳುತ್ತೇನೆ, ಬೇಕಾದರೆ ತಗೊಳ್ಳಿ. ಊರಿಗೆ ಹೋದಾಗ ಕಡಕ್ ಜೋಳದ ರೊಟ್ಟಿ ಗಂಟು ಕಟ್ಟಿ ತರುತ್ತೇವೆ. ತಿಂಗಳು ಇಟ್ಟರೂ ಕೆಡುವುದಿಲ್ಲ. ಗ್ಯಾಸ್ ಬೇಡ, ಫ್ರಿಜ್ ಬೇಡ. ಜೊತೆಗೆ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ ಡಬ್ಬಿಯಲ್ಲಿ ಇರುತ್ತವೆ. ಹಿಂಡಿ ಅಂದರೆ ನಮ್ಮ ಕಡೆ ಚಟ್ನಿಪುಡಿ. ಹಸಿ ಉಳ್ಳಾಗಡ್ಡಿ, ಮೆಂತ್ಯ ಸೊಪ್ಪು ಹಸಿಯಾಗಿಯೇ ಕಡಿದುಕೊಳ್ಳುತ್ತೇವೆ. ಮಡಕಿ ಕಾಳು ನೆನೆ ಹಾಕಿ ಬಟ್ಟೆಯಲ್ಲಿ ಕಟ್ಟಿ ಮೊಳೆತ ಮೇಲೆ ಒಗ್ಗರಣೆ. ಅದು ಐದು ನಿಮಿಷದ ಕೆಲಸ. ಶೇಂಗಾ ಹಿಂಡಿ ಒಂದು ಚಮಚ ಅನ್ನದ ಮೇಲೆ ಹಾಕಿ ಕಲಸಿದರೂ ಆಯ್ತು, ನಿಮ್ಮ ಡಬ್ಬಿಗೆ ಬರುತ್ತದೆ ಅಕ್ಕ. ಚಿತ್ರಾನ್ನಕ್ಕೆ ಹಾಕುವ ಎಣ್ಣೆಯನ್ನು ಅರ್ಧ ಮಾಡಿ ಇದನ್ನು ಹಾಕಿ.

ಪೀಣ್ಯದ ಟೈಲರ್

ಎಲ್ಲರಿಗೂ ಕೈ ಮುಗಿಯುತ್ತೇನೆ. ನಿನ್ನೆ ನಮ್ಮ ಕ್ಲಿನಿಕ್‌ಗೆ ಹೋಗಿ ಬಂದೆ. ಮಾತ್ರೆ ಕೊಟ್ಟರು, ಜಂತುಹುಳದ್ದೂ ಕೊಟ್ಟರು. ಮೂರು ತಿಂಗಳು ತಪ್ಪದೆ ತಿನ್ನಬೇಕಂತೆ. ಲೈನಿನಲ್ಲಿ ಕೇಳಿದೆ ಟೀಚರ್. ನನ್ನ ಆಚೆ ಈಚೆ ಕೂರುವ ಐದು ಜನರಲ್ಲಿ ಮೂವರಿಗೆ 10ಕ್ಕಿಂತ ಕಮ್ಮಿ. ಒಬ್ಬಳಂತೂ ನಾಲ್ಕು ತಿಂಗಳ ಗರ್ಭಿಣಿ. ಅಂಗನವಾಡಿಯಲ್ಲಿ ಗರ್ಭಿಣಿಯರಿಗೆ ಬಿಸಿಯೂಟ, ಮೊಟ್ಟೆ, ಹಾಲು ಇದೆ ಅಂತ ಅವಳಿಗೂ ಗೊತ್ತು. ಮಧ್ಯಾಹ್ನ ಅಲ್ಲಿಗೆ ಹೋಗಿ ಉಂಡು ಬರಬೇಕು. ನಮಗೆ ಊಟಕ್ಕೆ ಬಿಡುವುದು ಅರ್ಧ ಗಂಟೆ. ಹೇಗೆ ಹೋಗುತ್ತಾಳೆ?

ನೆಲಮಂಗಲದ ಅಂಗನವಾಡಿ ಟೀಚರ್

ಈ ಮಾತು ನನಗೆ ತುಂಬಾ ಚುಚ್ಚುತ್ತದೆ. ಮಾತೃಪೂರ್ಣ ಅಂತ 2017ರ ಅಕ್ಟೋಬರ್ 2ರಿಂದ ಈ ಊಟ ಕೊಡುತ್ತಾ ಬಂದಿದ್ದೇವೆ. ಒಳ್ಳೆಯ ಊಟ. ಆದರೆ ಕೂಲಿಗೆ, ಫ್ಯಾಕ್ಟರಿಗೆ ಹೋಗುವವಳಿಗೆ ಅದು ಕೈಗೆ ಸಿಗುವುದಿಲ್ಲ. ಯಾರಿಗೆ ಹೆಚ್ಚು ಬೇಕೋ ಅವರೇ ಬರಲು ಆಗದ ಹೊತ್ತಿನಲ್ಲಿ ಬಡಿಸುತ್ತೇವೆ. ಆ ತಂಗಿಗೆ ಹೇಳಿ, ಮೊದಲು ಅಂಗನವಾಡಿಗೆ ಹೋಗಿ ತಾಯಿ ಕಾರ್ಡ್ ಮಾಡಿಸಲಿ. ಅಲ್ಲಿನ ಕಾರ್ಯಕರ್ತೆಯ ಹತ್ತಿರ ತನ್ನ ಕಷ್ಟ ಬಾಯಿ ಬಿಟ್ಟು ಹೇಳಲಿ. ಕೇಳುವವರು ಜಾಸ್ತಿ ಆದರೆ ನಾವೂ ಮೇಲಿನವರಿಗೆ ಬರೆಯಬಹುದು.

ರಾತ್ರಿ ಪಾಳಿ ಸೆಕ್ಯುರಿಟಿ

ಅಡುಗೆಮನೆಯೇ ಇಲ್ಲದವರ ಕತೆಯನ್ನೂ ಕೇಳಿ. ನಾನು ರೂಮಿನಲ್ಲಿ ಮೂವರ ಜೊತೆ ಇದ್ದೇನೆ, ಒಲೆ ಹಚ್ಚಲು ಓನರ್ ಬಿಡುವುದಿಲ್ಲ. ನನ್ನನ್ನು ಕಾಪಾಡಿದ್ದು ಇಂದಿರಾ ಕ್ಯಾಂಟೀನ್. ಬೆಳಗ್ಗೆ 5 ರೂಪಾಯಿ, ಊಟ 10 ರೂಪಾಯಿ. 2017ರಲ್ಲಿ ಶುರುವಾದಾಗಿನಿಂದ ತಿನ್ನುತ್ತಿದ್ದೇನೆ. ಬಿಸಿಯಾಗಿರುತ್ತದೆ, ಹೊಟ್ಟೆ ತುಂಬುತ್ತದೆ. ಆದರೆ ಅಲ್ಲೂ ಅನ್ನವೇ ಜಾಸ್ತಿ. ಅದಕ್ಕೆ ಪಕ್ಕದ ಗಾಡಿಯಲ್ಲಿ ಬೇಯಿಸಿದ ಮೊಟ್ಟೆ ಒಂದು ತಗೊಳ್ಳುತ್ತೇನೆ. ಜೇಬಿನಲ್ಲಿ ಹುರಿಗಡಲೆ ಪೊಟ್ಟಣ ಇಟ್ಟುಕೊಂಡಿರುತ್ತೇನೆ. ರಾತ್ರಿ 2 ಗಂಟೆಗೆ ಹಸಿವಾದರೆ ಬನ್ನು, ಟೀ ಬದಲು ಅದು. ಎದೆ ಉರಿ ನಿಂತಿದೆ.

ಮಲ್ಪೆಯ ಮೀನು ಮನೆ

ನಮ್ಮ ಕಡೆಯದ್ದೂ ಒಂದು ಮಾತು. ಬಡವರ ಮನೆಯ ಪುಷ್ಟಿ ಅಂದರೆ ಇಲ್ಲಿ ಬೂತಾಯಿ ಮೀನು. ಕುಚ್ಚಲಕ್ಕಿ ಗಂಜಿ, ಬೂತಾಯಿ ಪುಳಿಮುಂಚಿ, ಅಂದರೆ ಹುಳಿ, ಖಾರದ ಸಾರು. ಅಷ್ಟು ಚಿಕ್ಕ ಮೀನಿನಲ್ಲಿ ಎಲ್ಲ ಇದೆ. ಮುಳ್ಳು ಮೆತ್ತಗೆ ಬೆಂದರೆ ಸುಣ್ಣದ ಅಂಶವೂ ಸಿಗುತ್ತದೆ. ಬಿ12 ಅನ್ನುವ ವಿಟಮಿನ್ ಬೇಳೆ, ಸೊಪ್ಪಿನಲ್ಲಿ ಇರುವುದಿಲ್ಲ. ಹಾಲು, ಮೊಟ್ಟೆ, ಮೀನು, ಮಾಂಸದಿಂದಲೇ ಬರಬೇಕು. ಕುಚ್ಚಲಕ್ಕಿಯನ್ನು ಭತ್ತ ಇರುವಾಗಲೇ ಬೇಯಿಸುವುದರಿಂದ ಹೊಟ್ಟಿನ ಸತ್ವ ಸ್ವಲ್ಪ ಒಳಕ್ಕೆ ಇಳಿಯುತ್ತದೆ. ಪಾಲಿಶ್ ಮಾಡಿದ ಬೆಳ್ತಿಗೆ (ಬಿಳಿ) ಅಕ್ಕಿಗಿಂತ ಮೇಲು.

ಆದರೆ ಬೂತಾಯಿಯೂ ಈಗ ನಮ್ಮ ಕೈಯಲ್ಲಿ ಇಲ್ಲ. ಬಲೆಗೆ ರಾಶಿ ಬಿದ್ದ ದಿನ ಫಿಶ್‌ಮೀಲ್ ಕಾರ್ಖಾನೆಯ ಲಾರಿ ಬಂದು ನಿಲ್ಲುತ್ತದೆ. ಅಲ್ಲಿ ಪುಡಿ ಮಾಡಿ ಸಿಗಡಿ ಸಾಕಣೆಗೆ, ಕೋಳಿ ಮೇವಿಗೆ ಕಳಿಸುತ್ತಾರೆ. ಬಡವರ ತಟ್ಟೆಗೆ ಬರಬೇಕಾದ ಮೀನು ಸಿಗಡಿಗೆ ಮೇವಾಗಿ, ಆ ಸಿಗಡಿ ಹಡಗು ಹತ್ತಿ ಹೊರದೇಶಕ್ಕೆ ಹೋಗುತ್ತದೆ. ಜೂನ್, ಜುಲೈ 61 ದಿನ ಯಾಂತ್ರಿಕ ದೋಣಿ ಇಳಿಯುವುದಿಲ್ಲ. ಆಗ ಒಣಮೀನೇ ಗತಿ. ಬೆಂಗಳೂರಿನಲ್ಲೂ ಒಣಮೀನು ಸಿಗುತ್ತದೆ ಅಕ್ಕ, ತಿನ್ನುವವರಾದರೆ ಹುರುಳಿ ಸಾರಿಗೆ ನಾಲ್ಕು ಹಾಕಿ. ಉಪ್ಪು ತೊಳೆದು ಹಾಕಿ.

ದಾಬಸ್‌ಪೇಟೆ ಗೃಹಿಣಿ

ಒಂದು ಅನುಮಾನ. ರೇಷನ್ ಅಕ್ಕಿ ತೊಳೆಯುವಾಗ ಕೆಲವು ಕಾಳು ಮೇಲೆ ತೇಲುತ್ತಿದ್ದವು. ಬಣ್ಣವೂ ಬೇರೆ. ಪ್ಲಾಸ್ಟಿಕ್ ಅಕ್ಕಿ ಅಂತ ವಾಟ್ಸಾಪಿನಲ್ಲಿ ಬಂದಿತ್ತು. ನಾನು ಅವನ್ನೆಲ್ಲ ಆರಿಸಿ ಎಸೆಯುತ್ತಿದ್ದೆ. ಸರಿಯಾ?

ನೆಲಮಂಗಲದ ಅಂಗನವಾಡಿ ಟೀಚರ್

ಅಯ್ಯೋ, ಎಸೆಯಬೇಡಿ. ಅದು ಪ್ಲಾಸ್ಟಿಕ್ ಅಲ್ಲ. ಅಕ್ಕಿ ಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಸೇರಿಸಿ ಮತ್ತೆ ಅಕ್ಕಿ ಆಕಾರಕ್ಕೆ ಒತ್ತುತ್ತಾರೆ. ಅಂಥ ಸತ್ವ ಸೇರಿಸಿದ ಅಕ್ಕಿಯಲ್ಲಿ ನೂರು ಕಾಳಿಗೆ ಒಂದರಂತೆ ಬೆರೆಸಿರುತ್ತಾರೆ. ಎಸೆದರೆ ಇರುವ ಸತ್ವವನ್ನೇ ಎಸೆದಂತೆ. ಅನ್ನವನ್ನು ಬಸಿದು ಗಂಜಿ ಚೆಲ್ಲಬೇಡಿ, ನೀರು ಇಂಗಿಸಿ ಮಾಡಿ. ಥಲಸ್ಸೀಮಿಯಾ, ಸಿಕಲ್ ಸೆಲ್ ಅನ್ನುವ ರಕ್ತದ ಕಾಯಿಲೆ ಇರುವವರು ಮಾತ್ರ ಡಾಕ್ಟರನ್ನು ಕೇಳಿ ತಿನ್ನಬೇಕು.

ಆದರೆ ನನ್ನ ಮನಸ್ಸಿನ ಮಾತು ಬೇರೆಯೇ ಇದೆ. ಅಕ್ಕಿಗೆ ಕಬ್ಬಿಣ ಸೇರಿಸುವುದಕ್ಕಿಂತ ಅಕ್ಕಿ ಪಕ್ಕದಲ್ಲಿ ಕಾಳು ಕೊಡಿ ಅನ್ನುತ್ತೇನೆ. ತಲೆಗೆ ಬರುವ 10 ಕೆಜಿಯಲ್ಲಿ ಹೆಚ್ಚುವರಿ 5 ಕೆಜಿ ಅಕ್ಕಿಯ ಬದಲು ತೊಗರಿಬೇಳೆ, ಎಣ್ಣೆ, ಸಕ್ಕರೆ, ಉಪ್ಪು ಇರುವ ಕಿಟ್ ಕೊಡುವುದೆಂದು 2025ರ ಅಕ್ಟೋಬರ್‌ನಲ್ಲಿ ರಾಜ್ಯ ಸಂಪುಟ ತೀರ್ಮಾನ ಮಾಡಿತು. ಬೇಳೆ ಸೇರಿದ್ದು ಒಳ್ಳೆಯದು. ಸಕ್ಕರೆಯ ಜಾಗದಲ್ಲಿ ಹುರುಳಿಯೋ ಹೆಸರೋ ಶೇಂಗಾವೋ ಇದ್ದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

ಗುಬ್ಬಿ ರಾಗಿ ಹೊಲ

ನಾನು ರೈತ. ತುಮಕೂರು ಜಿಲ್ಲೆ, ಗುಬ್ಬಿ ತಾಲ್ಲೂಕು. ಎರಡು ಎಕರೆ ರಾಗಿ. ಒಕ್ಕಣೆ ಮುಗಿದು ಚೀಲ ಮನೆಯಲ್ಲಿ ಕೂತಿವೆ. ದೇಶದಲ್ಲೇ ಹೆಚ್ಚು ರಾಗಿ ಬೆಳೆಯುವುದು ನಮ್ಮ ಕರ್ನಾಟಕ. ಆದರೂ ನಮ್ಮ ರಾಗಿ ನಿಮ್ಮ ಮನೆಗೆ ಬರುವಷ್ಟರಲ್ಲಿ ಏನಾಗುತ್ತದೆ ನೋಡಿ. 2025-26ರ ಸಾಲಿನ ಬೆಂಬಲ ಬೆಲೆ ಕ್ವಿಂಟಲ್‌ಗೆ 4,886 ರೂಪಾಯಿ. ಖರೀದಿ ಕೇಂದ್ರದಲ್ಲಿ ನೋಂದಣಿ ಮಾಡಿಸಬೇಕು, ಸರದಿ ಕಾಯಬೇಕು, ದುಡ್ಡು ಆಮೇಲೆ ಬರುತ್ತದೆ. ಕೈಸಾಲ ತೀರಿಸಲು ಅವಸರ ಇದ್ದವನು ಮನೆ ಬಾಗಿಲಿಗೆ ಬಂದ ದಲ್ಲಾಳಿಗೆ ಕೊಟ್ಟುಬಿಡುತ್ತಾನೆ. ಮೊನ್ನೆ ನನಗೆ ಕೆಜಿಗೆ 36 ಕೇಳಿದ. ಅದೇ ರಾಗಿ ಹಿಟ್ಟಾಗಿ ಪ್ಯಾಕೆಟ್ ಸೇರಿದರೆ ಪೇಟೆಯಲ್ಲಿ ಎಷ್ಟು ಅಂತ ನೀವೇ ಹೇಳಿ.

ಒಂದು ಎಚ್ಚರಿಕೆ ನಾನೇ ಹೇಳಿಬಿಡುತ್ತೇನೆ. ರಾಗಿ ಮಾರುವವನೇ ಹೇಳುತ್ತಿದ್ದಾನೆ ಅಂತ ನಂಬಿ. ರಾಗಿ ತಿಂದರೆ ಶುಗರ್ ಬರುವುದಿಲ್ಲ ಅನ್ನುವುದು ಸುಳ್ಳು. ನಮ್ಮ ತಂದೆ ಜೀವನ ಪೂರ್ತಿ ಮುದ್ದೆ ಉಂಡವರು, ಅವರಿಗೂ ಬಂತು. ನಾಲ್ಕು ಮುದ್ದೆಗೆ ನೀರು ಸಾರು ಉಂಡರೆ ಅನ್ನಕ್ಕಿಂತ ಹೆಚ್ಚೇನೂ ಅಲ್ಲ. ರಾಗಿಯಲ್ಲಿ ಸುಣ್ಣದ ಅಂಶ ಬಹಳ, ನೂರು ಗ್ರಾಮಿಗೆ 300 ಮಿಲಿಗ್ರಾಮಿಗಿಂತ ಜಾಸ್ತಿ. ನಾರೂ ಇದೆ. ಆದರೆ ಮುದ್ದೆ ಚಿಕ್ಕದಿರಬೇಕು, ಸಾರಿನಲ್ಲಿ ಕಾಳು, ಸೊಪ್ಪು ತುಂಬಿರಬೇಕು. ಹೊಲದಲ್ಲಿ ಹೆಂಗಸರು ಕಳೆ ಕೀಳುವಾಗ ಮಡಿಲಿಗೆ ಹಾಕಿಕೊಂಡು ಬರುತ್ತಿದ್ದ ಬೆರಕೆ ಸೊಪ್ಪಿನಲ್ಲಿ ಅಣ್ಣೆ, ಗೋಣಿ, ಹೊನಗನ್ನೆ, ಚಿಲಕರಿವೆ ಎಲ್ಲ ಇರುತ್ತಿತ್ತು. ಈಗ ಕಳೆನಾಶಕ ಹೊಡೆಯುತ್ತೇವೆ. ಸೊಪ್ಪೂ ಹೋಯಿತು. ಈ ವರ್ಷ ಬದುವಿನ ಪಕ್ಕ ಹೊಡೆಯುವುದು ನಿಲ್ಲಿಸಿದ್ದೇನೆ.

ಪೀಣ್ಯದ ಟೈಲರ್

ಅಣ್ಣಾ, ಬೆರಕೆ ಸೊಪ್ಪಿನ ಹೆಸರು ಓದಿ ಕಣ್ಣಲ್ಲಿ ನೀರು ಬಂತು. ನಮ್ಮವ್ವ ಅದನ್ನೇ ತರುತ್ತಿದ್ದಳು.

ಎರಡು ವಾರದಿಂದ ಏನು ಮಾಡಿದೆ ಅಂತ ಹೇಳುತ್ತೇನೆ. ತಪ್ಪಿದ್ದರೆ ತಿದ್ದಿ.

ಶನಿವಾರ ರಾತ್ರಿ ಹುರುಳಿಕಾಳು ಅರ್ಧ ಕೆಜಿ ನೆನೆ ಹಾಕಿದೆ. ಭಾನುವಾರ ಬೆಳಗ್ಗೆ ಬಟ್ಟೆಯಲ್ಲಿ ಕಟ್ಟಿ ನೇತು ಹಾಕಿದೆ. ಸೋಮವಾರ ಬೆಳಗ್ಗೆ ಮೊಳಕೆ ಬಂದಿತ್ತು. ಫ್ರಿಜ್ ಇಲ್ಲದಿದ್ದರೂ ಈ ಚಳಿಯಲ್ಲಿ ಬುಧವಾರದವರೆಗೆ ಬಂತು. ದಿನಾ ಒಂದು ಸಲ ನೀರು ಚಿಮುಕಿಸಿ ಬಟ್ಟೆ ಬದಲಿಸಬೇಕು. ಬೇಸಿಗೆಯಲ್ಲಿ ಎರಡೇ ದಿನ ಅನ್ನಿಸುತ್ತದೆ.

ರಾತ್ರಿ ಬಂದ ತಕ್ಷಣ ಕುಕ್ಕರಿಗೆ ಮೊಳಕೆ ಕಾಳು, ಮೇಲೆ ಒಂದು ಕಟ್ಟು ದಂಟಿನ ಸೊಪ್ಪು, ಉಪ್ಪು. ಮೂರು ಸೀಟಿ. ಬೆಂದ ನೀರು ಬಸಿದುಕೊಂಡೆ. ಬಸ್ಸಾರಿಗೆ ಕಾಯಿ ಜಾಸ್ತಿ ಬೇಕು ಅಂತ ನಾನು ಇಷ್ಟು ದಿನ ಮಾಡುತ್ತಿರಲಿಲ್ಲ. ಈ ಸಲ ಕಾಯಿ ಚೂರೇ ಹಾಕಿ, ಬೆಂದ ಕಾಳು ಎರಡು ಹಿಡಿ, ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಹುಣಸೆ, ಸಾರಿನ ಪುಡಿ ಸೇರಿಸಿ ರುಬ್ಬಿದೆ. ಸಾರು ಗಟ್ಟಿ ಬಂತು. ಉಳಿದ ಕಾಳು, ಸೊಪ್ಪಿಗೆ ಒಗ್ಗರಣೆ ಹಾಕಿದರೆ ಪಲ್ಯ. ಒಂದು ಕುಕ್ಕರಿನಲ್ಲಿ ಎರಡು ಅಡುಗೆ, ಗ್ಯಾಸೂ ಒಂದೇ ಸಲ. ನಮ್ಮವ್ವ ಸುಮ್ನೆ ಇದನ್ನು ಮಾಡುತ್ತಿರಲಿಲ್ಲ, ಸೌದೆ ಉಳಿಸಲು ಮಾಡುತ್ತಿದ್ದಳು ಅಂತ ಈಗ ಅರ್ಥ ಆಯ್ತು. ಸಾರು ಮತ್ತೊಮ್ಮೆ ಕುದಿಸಿಟ್ಟರೆ ಮಾರನೇ ದಿನ ಇನ್ನೂ ರುಚಿ. ಡಬ್ಬಿಗೆ ಪಲ್ಯ ಹೋಯಿತು.

ಸೊಪ್ಪನ್ನು ರಾತ್ರಿ 7ರ ಮೇಲೆ ತರುತ್ತೇನೆ. ಆಗ ಗಾಡಿಯವರು ಮೂರು ಕಟ್ಟನ್ನು ಎರಡರ ಬೆಲೆಗೆ ಕೊಡುತ್ತಾರೆ. ಮೋರಿ ನೀರಿನ ಸೊಪ್ಪು ಅಂತ ಹೆದರಿಕೆ ಇತ್ತು. ನಾಲ್ಕು ಜನರನ್ನು ವಿಚಾರಿಸಿ ದೊಡ್ಡಬಳ್ಳಾಪುರದ ಕಡೆಯಿಂದ ತರುವ ಒಬ್ಬ ಅಜ್ಜಿಯನ್ನು ಹುಡುಕಿಕೊಂಡಿದ್ದೇನೆ. ಓನರ್ ಮನೆ ಹಿಂದೆ ನುಗ್ಗೆ ಮರ ಇದೆ, ಸೊಪ್ಪು ಕೇಳಿದರೆ ಕೊಡುತ್ತಾರೆ.

ಶಾಲೆಯಲ್ಲಿ ಹಾಲು, ಮೊಟ್ಟೆ ಕೊಡುತ್ತಾರೆ. ಮಗಳು ಮೊಟ್ಟೆ ವಾಸನೆ ಅಂತ ಬಾಳೆಹಣ್ಣು ತಗೊಳ್ಳುತ್ತಿದ್ದಳಂತೆ. ನನಗೆ ಗೊತ್ತೇ ಇರಲಿಲ್ಲ. ನನ್ನ ರಿಪೋರ್ಟ್ ತೋರಿಸಿ ಕೂರಿಸಿಕೊಂಡು ಮಾತಾಡಿದೆ. ಈಗ ಮೊಟ್ಟೆ ತಿನ್ನುತ್ತಿದ್ದಾಳೆ, ಮೆಣಸಿನ ಪುಡಿ ಪೊಟ್ಟಣ ಕಟ್ಟಿಕೊಡುತ್ತೇನೆ.

ಆಗದೇ ಇರುವುದು ಎರಡು. ಹಣ್ಣು, ತರಕಾರಿ ಪುಸ್ತಕದಲ್ಲಿ ಹೇಳಿದಷ್ಟು ನಮ್ಮ ಕೈಲಿ ಆಗುವುದಿಲ್ಲ. ಇನ್ನೊಂದು, ಸಂಜೆಯ ಹತ್ತು ರೂಪಾಯಿ. ಮಕ್ಕಳಿಗೆ ಚಿಪ್ಸ್ ಬೇಡ ಅಂದರೆ ಏನು ತಗೊಳ್ಳಲಿ ಅಂತ ಕೇಳುತ್ತಾರೆ. ಬೀದಿಯಲ್ಲಿ ಐದು ರೂಪಾಯಿಗೆ ಬೇರೆ ಏನೂ ಇಲ್ಲ.

ಚಿಕ್ಕಬಾಣಾವರ ಕಿರಾಣಿ ಅಂಗಡಿ

ಅಕ್ಕ, ನಿಮ್ಮ ಕೊನೆಯ ಮಾತು ರಾತ್ರಿ ಪೂರ್ತಿ ತಲೆಯಲ್ಲಿ ಇತ್ತು. ಬೆಳಗ್ಗೆ ತಕ್ಕಡಿ ಇಟ್ಟುಕೊಂಡು ಲೆಕ್ಕ ಹಾಕಿದೆ. ಕಡಲೆಬೀಜ ಕೆಜಿಗೆ 140. 25 ಗ್ರಾಂ ಅಂದರೆ ಮೂರೂವರೆ ರೂಪಾಯಿ. ಬೆಲ್ಲ 10 ಗ್ರಾಂ, 60 ಪೈಸೆ. ಪೇಪರ್ ಪೊಟ್ಟಣ, ಹುರಿಯುವ ಗ್ಯಾಸು ಸೇರಿ ಹತ್ತಿರ ಹತ್ತಿರ ನಾಲ್ಕೂವರೆ. ಐದಕ್ಕೆ ಮಾರಿದರೆ 50 ಪೈಸೆ ಉಳಿಯುತ್ತದೆ. ಚಿಪ್ಸಿನಲ್ಲೂ ಅದಕ್ಕಿಂತ ತುಂಬಾ ಜಾಸ್ತಿ ಏನೂ ಉಳಿಯುವುದಿಲ್ಲ. ಇದು ಬೇಗ ಕೆಡುವುದೂ ಇಲ್ಲ.

ಮೊದಲ ದಿನ 20 ಪೊಟ್ಟಣ ಕಟ್ಟಿದೆ, 6 ಹೋದವು. ಒಳಗಡೆ ಇಟ್ಟಿದ್ದೆ, ಮಕ್ಕಳಿಗೆ ಕಾಣಿಸಲಿಲ್ಲ. ಮಾರನೇ ದಿನ ಚಿಪ್ಸ್ ಸರ ಒಂದನ್ನು ಬಿಚ್ಚಿ ಪಕ್ಕಕ್ಕಿಟ್ಟು ಆ ಮೊಳೆಗೆ ಇವನ್ನು ನೇತು ಹಾಕಿದೆ. 17 ಹೋದವು. ಹಲ್ಲಿಲ್ಲದ ಅಜ್ಜಂದಿರು ಹುರಿಗಡಲೆ, ಬೆಲ್ಲ ಕೇಳುತ್ತಿದ್ದಾರೆ, ಅದನ್ನೂ ಕಟ್ಟುತ್ತಿದ್ದೇನೆ. ಸೇಲ್ಸ್ ಹುಡುಗ ಬಂದು ಸ್ಟ್ಯಾಂಡಿನಲ್ಲಿ ಬೇರೆ ಸಾಮಾನು ಇಡಬಾರದು ಅಂದ. ನನ್ನ ಗೋಡೆಗೆ ಹೊಸ ಮೊಳೆ ಹೊಡೆದೆ.

ನಿಮ್ಮ ಬೀದಿಯ ಅಂಗಡಿಯವರನ್ನೂ ಕೇಳಿ ನೋಡಿ. ಹತ್ತು ಮಕ್ಕಳ ಮನೆಯವರು ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ.

ಪೀಣ್ಯದ ಟೈಲರ್

ಕೇಳುತ್ತೇನೆ ಅಣ್ಣ. ನಾಳೆಯೇ ಕೇಳುತ್ತೇನೆ.

ಗುಬ್ಬಿ ರಾಗಿ ಹೊಲ

ಅಕ್ಕ, ನಿಮ್ಮ ಲೈನಿನಲ್ಲಿ ಎಷ್ಟು ಮನೆಗೆ ರಾಗಿ ಬೇಕು? ಕೆಜಿಗೆ 42ರಂತೆ ಕೊಡುತ್ತೇನೆ. ನನಗೆ ದಲ್ಲಾಳಿಗಿಂತ 6 ರೂಪಾಯಿ ಜಾಸ್ತಿ, ನಿಮಗೆ ಪ್ಯಾಕೆಟ್ ಹಿಟ್ಟಿಗಿಂತ ಎಷ್ಟೋ ಕಮ್ಮಿ. ಜೊತೆಗೆ ಅಲಸಂದೆ, ಹುರುಳಿ ಒಂದೊಂದು ಚೀಲ ಇದೆ. ಆದರೆ ಬೆಂಗಳೂರಿಗೆ ತರುವ ಬಾಡಿಗೆ ನನ್ನ ಕೈಲಿ ಆಗುವುದಿಲ್ಲ.

ಪೀಣ್ಯದ ಟೈಲರ್

ಒಂಬತ್ತು ಮನೆಯವರು ಹೂಂ ಅಂದಿದ್ದಾರೆ. ತಿಂಗಳಿಗೆ ಮನೆಗೆ 10 ಕೆಜಿ. ಸಂಬಳ 7ನೇ ತಾರೀಖು, ಅದಕ್ಕಿಂತ ಮೊದಲು ದುಡ್ಡು ಆಗುವುದಿಲ್ಲ. ಯಜಮಾನರಿಗೆ ತಿಂಗಳಿಗೆ ಎರಡು ಸಲ ತುಮಕೂರಿಗೆ ಲೋಡು ಇರುತ್ತದೆ, ಬರುವಾಗ ಗಾಡಿ ಖಾಲಿ. ಓನರ್‌ಗೆ ಹೇಳಿದ್ದಾರೆ, ಡೀಸೆಲ್‌ಗೆ ಸ್ವಲ್ಪ ಕೊಟ್ಟರೆ ಸಾಕಂತೆ. ನೀವು ತುಮಕೂರಿನವರೆಗೆ ಚೀಲ ತರಲು ಆಗುತ್ತದಾ?

ಗುಬ್ಬಿ ರಾಗಿ ಹೊಲ

ಆಗುತ್ತದೆ. ತುಮಕೂರು ಎಪಿಎಂಸಿ ಗೇಟಿನ ಹತ್ತಿರ 8ನೇ ತಾರೀಖು, ಬೆಳಗ್ಗೆ 10ಕ್ಕೆ. ಕಲ್ಲು ತೆಗೆಸಿ, ಕೇರಿ ತರುತ್ತೇನೆ. ಬೀಸುವ ಮೊದಲು ಒಂದು ಗಂಟೆ ಬಿಸಿಲಿಗೆ ಹಾಕಿ. ಚೀಲ ವಾಪಸ್ ಕಳಿಸಿ ಅಕ್ಕ, ಗೋಣಿಚೀಲಕ್ಕೂ ಈಗ ದುಡ್ಡು.

ರಾಯಚೂರಿನವ, ಈಗ ವೈಟ್‌ಫೀಲ್ಡ್

ಶೇಂಗಾ ಹಿಂಡಿ ಎರಡು ಕೆಜಿ ನನ್ನ ಕಡೆಯಿಂದ. ಊರಿಂದ ಅವ್ವ ಮಾಡಿ ಕಳಿಸುತ್ತಾಳೆ. ಆ ಗರ್ಭಿಣಿ ತಂಗಿಗೆ ಮೊದಲು ಕೊಡಿ.